ಬೆಣ್ಣೆ ದೋಸೆ ಊರಲ್ಲಿ ಚಿಯಾ ನೆನೆಹಾಕಿದವರು

ದಾವಣಗೆರೆಯಲ್ಲಿ ಬೆಳಗಿನ ಐದೂವರೆಗೆ ಅಡುಗೆಮನೆ ದೀಪ ಹತ್ತಿದರೆ ಮೊದಲೆಲ್ಲ ಅರ್ಥ ಒಂದೇ ಇತ್ತು. ಯಾರೋ ಊರಿಗೆ ಹೊರಟಿದ್ದಾರೆ, ಬುತ್ತಿಗೆ ರೊಟ್ಟಿ ಆಗಬೇಕು. ಈಗ ಹಾಗೆ ಹೇಳಲಿಕ್ಕಾಗದು. ರಾತ್ರಿ ನೆನೆಹಾಕಿದ ಚಿಯಾ ಬೀಜ ಸ್ಟೀಲ್ ಲೋಟದಲ್ಲಿ ಕಪ್ಪೆಮೊಟ್ಟೆಯ ಹಾಗೆ ಉಬ್ಬಿ ಕೂತಿರುತ್ತದೆ. ಪಕ್ಕದಲ್ಲಿ ನಾಲ್ಕು ಬಣ್ಣದ ಮಾತ್ರೆ, ಅರ್ಧ ನಿಂಬೆಹಣ್ಣು, ಮುಚ್ಚಳ ತಪ್ಪಿದ ಶೇಕರ್. ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಆರೋಗ್ಯದ ಪಾಠ ಹೇಳುವ ರೀಲಿನ ಅಕ್ಕ ನಗುತ್ತಿರುತ್ತಾಳೆ. ಅವಳ ಅಡುಗೆಕಟ್ಟೆ ಬೆಳ್ಳಗಿದೆ. ಅದರ ಮೇಲೆ ಒಂದು ಒಗ್ಗರಣೆ ಸೌಟೂ ಇಲ್ಲ.

ಆ ಅಕ್ಕ ಹೇಳುವುದರಲ್ಲಿ ಮುಕ್ಕಾಲು ಪಾಲು ಸರಿಯೇ. ಹದವಾದ ಊಟ, ಹಗುರ ವ್ಯಾಯಾಮ, ಬೇಕಾದಷ್ಟೇ ಪೂರಕ ಮಾತ್ರೆ. ಎರಡೆರಡು ಮೆಡಿಕಲ್ ಕಾಲೇಜಿರುವ ಊರಿದು, ಯಾವ ಡಾಕ್ಟರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಎಡವಟ್ಟಾಗುವುದು ಉಳಿದ ಕಾಲು ಪಾಲಿನಲ್ಲಿ. ಅವಳ ಮೂವತ್ತು ಸೆಕೆಂಡಿನೊಳಗೆ ಚಮಚದ ಅಳತೆ ಹಿಡಿಸುವುದಿಲ್ಲ, ಈ ಮಾತ್ರೆಗೂ ಆ ಮಾತ್ರೆಗೂ ನಡುವೆ ಬಿಡಬೇಕಾದ ತಾಸು ಹಿಡಿಸುವುದಿಲ್ಲ, ದಬ್ಬನೆ ಬಾಗಿಲು ತೆರೆದುಕೊಂಡು ಒಳಗೆ ಬರುವ ಹಾಲಿನವನಂತೂ ಹಿಡಿಸುವುದೇ ಇಲ್ಲ.

ಚಿಯಾದಿಂದಲೇ ಶುರುಮಾಡೋಣ. ಕಿರಾಣಿ ಅಂಗಡಿಯಲ್ಲಿ ‘ಚಿಯಾ ಕೊಡ್ರಿ’ ಅಂದರೆ ಕೆಲವೊಮ್ಮೆ ಕಾಮಕಸ್ತೂರಿ ಬೀಜ ಕಟ್ಟಿಕೊಡುತ್ತಾರೆ. ಫಾಲೂದಾಕ್ಕೆ ಹಾಕುತ್ತಾರಲ್ಲ, ಅದೇ ಸಬ್ಜಾ. ಗುರುತು ಹಿಡಿಯುವುದು ಸುಲಭ. ಕಾಮಕಸ್ತೂರಿ ಒಂದೇ ಸಮ ಕಪ್ಪು, ನೀರಿಗೆ ಬಿದ್ದ ಹತ್ತು ಹದಿನೈದು ನಿಮಿಷದಲ್ಲಿ ಬಿಳಿ ಪೊರೆ ಹೊದ್ದುಕೊಂಡು ಉಬ್ಬುತ್ತದೆ. ಚಿಯಾಕ್ಕೆ ಬೂದು, ಕಂದು, ಬಿಳಿ ಎಲ್ಲ ಸೇರಿದ ಚುಕ್ಕೆ ಮೈ, ಲೋಳೆ ಬಿಡಲು ಅರ್ಧ ಗಂಟೆಯಾದರೂ ಬೇಕು. ಎರಡನ್ನೂ ತಿನ್ನಬಹುದು, ಕೊಟ್ಟ ದುಡ್ಡು ಮಾತ್ರ ಒಂದಲ್ಲ. ಚಿಯಾ ತನ್ನ ತೂಕದ ಹತ್ತು ಪಟ್ಟು ನೀರು ಹೀರುವ ಕಾಳು. ಹಾಗಾಗಿ ಒಂದು ದೊಡ್ಡ ಚಮಚಕ್ಕೆ ದೊಡ್ಡ ಲೋಟದ ತುಂಬ ನೀರು ಬೇಕು. ಹಾಕಿದ ಕೂಡಲೇ ಒಮ್ಮೆ ಕಲಕಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಬೇಕು. ಎರಡನೆಯದನ್ನು ಮರೆತರೆ ತಳದಲ್ಲಿ ಹುಣಸೆಹಣ್ಣಿನ ಗಟ್ಟಿಯಂಥ ಒಂದು ಉಂಡೆ ಕೂತು, ಮೇಲೆ ಬರೀ ನೀರು ನಿಲ್ಲುತ್ತದೆ. ಅವಸರದಲ್ಲಿ ಒಣ ಬೀಜವನ್ನು ಬಾಯಿಗೆ ಸುರಿದುಕೊಂಡು ಮೇಲೆ ನೀರು ಕುಡಿಯುವವರೂ ಇದ್ದಾರೆ. ಹಾಗೆ ಮಾಡಬೇಡಿ, ಲೋಟದಲ್ಲಿ ಉಬ್ಬಬೇಕಾದದ್ದು ಗಂಟಲಿನ ಕೆಳಗೆ ಅನ್ನನಾಳದಲ್ಲೇ ಉಬ್ಬಿ ಕೂತರೆ ತೆಗೆಯಲು ಆಸ್ಪತ್ರೆಗೇ ಹೋಗಬೇಕು. ಇಸಬ್‌ಗೋಲ್‌ಗೂ ಇದೇ ಮಾತು, ಕಲಕಿದ ತಕ್ಷಣ ಕುಡಿದು ಮೇಲೊಂದು ಲೋಟ ನೀರು. ಫೋನ್ ಬಂತೆಂದು ಲೋಟ ಇಟ್ಟು ಹೋದರೆ ವಾಪಸ್ ಬರುವ ಹೊತ್ತಿಗೆ ಅದು ಲೋಟದ ಆಕಾರದ ಜೆಲ್ಲಿ.

ಇನ್ನೊಂದು, ಲೋಟದ ಅಂಚಿಗೆ ಒಣಗಿದ ಚಿಯಾವನ್ನು ನಾರಿನಿಂದ ಉಜ್ಜಬೇಡಿ. ಫೆವಿಕಾಲ್ ಮಾದರಿ. ಮೊದಲು ನೀರು ಹಾಕಿ ನೆನೆಯಲು ಬಿಡಿ. ಉಳಿದದ್ದನ್ನು ಸಿಂಕಿಗೂ ಸುರಿಯಬೇಡಿ, ಪೈಪಿನ ಬಾಗಿನಲ್ಲಿ ಅದು ತನ್ನ ಹತ್ತು ಪಟ್ಟಿನ ಕಸುಬನ್ನು ಮುಂದುವರಿಸುತ್ತದೆ.

ಈಗ ಮಾತ್ರೆಗಳು. ಬೆಳಗಿನ ಖಾಲಿ ಹೊಟ್ಟೆಯೆಂದರೆ ಹಿಂದೆ ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿದ್ದಾಗಿನ ರಸ್ತೆ ಇದ್ದ ಹಾಗೆ. ಎಲ್ಲರಿಗೂ ಮೊದಲು ದಾಟಬೇಕು. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಮೇಲಿಂದ ಒಂದು ಲೋಟ ಕಾಫಿ. ರೀಲಿನ ಅಕ್ಕ ‘ನನ್ನ ಮಾರ್ನಿಂಗ್ ಸ್ಟ್ಯಾಕ್’ ಅಂತ ಎಲ್ಲವನ್ನೂ ಅಂಗೈಯಲ್ಲಿ ಹಾಕಿ ಒಂದೇ ಗುಟುಕಿಗೆ ನುಂಗುತ್ತಾಳೆ. ನೋಡಲು ಚೆಂದ. ಒಳಗೆ ಮಾತ್ರ ಒಬ್ಬರನ್ನೊಬ್ಬರು ಕಾಲರ್ ಹಿಡಿದುಕೊಂಡಿರುತ್ತಾರೆ.

ಥೈರಾಯ್ಡ್ ಮಾತ್ರೆಗೆ ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಕಾಫಿಯೂ ಬೇಡ, ರಾಗಿ ಗಂಜಿಯೂ ಬೇಡ, ಹಸಿರು ಜ್ಯೂಸೂ ಬೇಡ. ಕ್ಯಾಲ್ಸಿಯಂ ಮತ್ತು ಕಬ್ಬಿಣಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ. ಅವು ಆ ಮಾತ್ರೆಯನ್ನು ಕರುಳಿನಲ್ಲೇ ಅಂಟಿಸಿಕೊಂಡುಬಿಡುತ್ತವೆ, ರಕ್ತಕ್ಕೆ ಸೇರಗೊಡುವುದಿಲ್ಲ. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರೂ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಇಳಿಯದೆ ಡೋಸ್ ಏರಿಸುತ್ತಾ ಹೋಗುವುದಕ್ಕೆ ಇದೂ ಒಂದು ಕಾರಣ. ಡಾಕ್ಟರು ಕೇಳಿದರೆ ‘ಸರಿಯಾಗೇ ತಗಳ್ತೀನ್ರಿ, ಬೆಳಗ್ಗೆ ಎದ್ದ ಕೂಡ್ಲೆ, ಕಾಫಿ ಜೊತೀಗೆ’ ಅನ್ನುವ ಉತ್ತರ ಬರುತ್ತದೆ. ‘ಕೂಡಲೇ’ ಸರಿ, ‘ಜೊತೆ’ ತಪ್ಪು.

ಕಬ್ಬಿಣಕ್ಕೆ ನಿಂಬೆ ಅಂದರೆ ಪ್ರೀತಿ, ಚಹಾ ಕಾಫಿ ಅಂದರೆ ಆಗದು. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ, ಚಹಾದ ಒಗರು ಅದನ್ನು ಹಿಡಿದು ನಿಲ್ಲಿಸುತ್ತದೆ. ಕಬ್ಬಿಣಕ್ಕೆ ಕ್ಯಾಲ್ಸಿಯಂ ಜೊತೆಗೂ ಹೊಂದಾಣಿಕೆ ಇಲ್ಲ. ಹಾಗಾಗಿ ಹಾಲಿನ ಜೊತೆ ಕಬ್ಬಿಣದ ಮಾತ್ರೆ ನುಂಗುವುದು ಸೊಸೆಯ ಜೊತೆ ಅತ್ತೆಯನ್ನೂ ಒಂದೇ ಸ್ಕೂಟಿಯಲ್ಲಿ ಕಳಿಸಿದ ಹಾಗೆ, ತಲುಪುವುದು ಒಬ್ಬರೇ. ಮಾತ್ರೆ ಶುರುಮಾಡಿದ ಮೂರನೇ ದಿನ ಮಲ ಕಪ್ಪಾದದ್ದನ್ನು ನೋಡಿ ಗಾಬರಿಯಾಗುವವರು ಬಹಳ. ಅದು ಕಬ್ಬಿಣದ ಬಣ್ಣ. ಮಲಬದ್ಧತೆಯೂ ಅದರದ್ದೇ ಕೊಡುಗೆ.

ಲೆಕ್ಕ ಹಾಕಿದರೆ ಹೀಗಾಗುತ್ತದೆ: ಐದೂವರೆಗೆ ಥೈರಾಯ್ಡ್ ಮಾತ್ರೆ, ಆರೂವರೆಗೆ ಕಾಫಿ, ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ನಿಂಬೆ ಶರಬತ್ತಿನ ಜೊತೆ ಕಬ್ಬಿಣ, ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ ಮತ್ತು ಡಿ. ಇದು ಬರೆದಿಟ್ಟುಕೊಳ್ಳಲು ಸುಲಭ. ಹನ್ನೊಂದು ಗಂಟೆಗೆ ಪಕ್ಕದ ಮನೆಯವರು ಚಹಾಕ್ಕೆ ಕರೆಯದೇ ಇರುವ ಬೀದಿ ವಿದ್ಯಾನಗರದಲ್ಲಿ ಇದೆಯೇ ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಚೀಟಿಯಲ್ಲಿ ಡಾಕ್ಟರು ಬೇರೆ ಹೊತ್ತು ಬರೆದಿದ್ದರೆ ಅದೇ ನಡೆಯಲಿ.

ವಿಟಮಿನ್ ಡಿ ವಿಷಯದಲ್ಲಿ ನಮ್ಮೂರಿನವರು ಎರಡು ಕಡೆಯಿಂದ ಎಡವುತ್ತಾರೆ. ಒಂದು, ಬಿಸಿಲಿನ ಕಡೆಯಿಂದ. ಕುಂದವಾಡ ಕೆರೆ ದಂಡೆಯ ಮೇಲೆ ಬೆಳಗ್ಗೆ ಆರಕ್ಕೆ ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ನಡೆದು ಏಳಕ್ಕೆ ಮನೆ ಸೇರಿ ‘ಡಿ ಆತು’ ಅನ್ನುತ್ತಾರೆ. ಆಗಿಲ್ಲ. ಆ ಹೊತ್ತಿನ ಓರೆ ಬಿಸಿಲಲ್ಲಿ ಚರ್ಮ ಡಿ ತಯಾರಿಸಲು ಬೇಕಾದ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಗಡಿಯಾರ ಬೇಡ, ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಉದ್ದ ಇದ್ದರೆ ಲಾಭವಿಲ್ಲ, ನಿಮಗಿಂತ ಗಿಡ್ಡವಾದ ಮೇಲೆ ಕೈಕಾಲಿಗೆ ಬಿಸಿಲು ಬಿದ್ದರೆ ಲೆಕ್ಕ. ಕಿಟಕಿ ಗಾಜಿನ ಒಳಗೆ ಕೂತು ಕಾಯಿಸಿಕೊಂಡ ಬಿಸಿಲು ಬರೀ ಬೆವರಿಗೆ, ಆ ಕಿರಣವನ್ನು ಗಾಜು ತಡೆಯುತ್ತದೆ. ಹಪ್ಪಳ ಶಂಡಿಗೆ ಕಾಯಲು ಹನ್ನೊಂದು ಗಂಟೆಗೆ ಮಾಳಿಗೆ ಹತ್ತುತ್ತಿದ್ದ ಅಜ್ಜಿಗೆ ಡಿ ಕೊರತೆಯ ಭಯ ಇದ್ದಿರಲಿಕ್ಕಿಲ್ಲ. ಈಗ ಶಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಡಿ ಕೂಡ ಪ್ಯಾಕೆಟ್ಟಿನಲ್ಲೇ ಬರುತ್ತದೆ.

ಆ ಪ್ಯಾಕೆಟ್ಟೇ ಎರಡನೇ ಎಡವಟ್ಟು. 60,000 ಯೂನಿಟ್ಟಿನದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರ ಮಾತ್ರ ಅಂತ ಬರೆದುಕೊಡುತ್ತಾರೆ. ನಾಲ್ಕು ಇದ್ದರೆ ನಾಲ್ಕು ದಿನಕ್ಕೆ ಅಂತ ಲೆಕ್ಕ ಹಾಕಿಕೊಂಡು ದಿನಕ್ಕೊಂದು ನುಂಗುವವರಿದ್ದಾರೆ. ಮುಗಿದ ಮೇಲೆ ‘ಚೆನ್ನಾಗಿತ್ತು’ ಅಂತ ತಾವೇ ಮತ್ತೆ ತರುವವರೂ ಇದ್ದಾರೆ. ಇದು ನೀರಿನಲ್ಲಿ ಕರಗಿ ಹೊರಗೆ ಹೋಗುವ ಜಾತಿಯಲ್ಲ, ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಕೂರುತ್ತದೆ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ದಾಹ, ಮೂತ್ರಪಿಂಡಕ್ಕೆ ಪೆಟ್ಟು. ಕೊಬ್ಬಿನಲ್ಲಿ ಕರಗುವುದರಿಂದಲೇ ಕೊಬ್ಬಿರುವ ಊಟದ ಜೊತೆ ತೆಗೆದುಕೊಳ್ಳಬೇಕು. ಈ ಒಂದು ವಾಕ್ಯವನ್ನು ದಾವಣಗೆರೆಯಲ್ಲಿ ಹೇಳಬಾರದಿತ್ತು. ‘ಹಂಗಾರೆ ಬೆಣ್ಣೆ ದೋಸೆ ಜೊತೀಗೆ ತಗಂಡ್ರಾತು’ ಅನ್ನುವ ಮಾತು ವಾಕ್ಯ ಮುಗಿಯುವ ಮೊದಲೇ ಬರುತ್ತದೆ. ತಗೊಳ್ಳಬಹುದು, ವಾರಕ್ಕೊಂದೇ ಪ್ಯಾಕೆಟ್ಟಲ್ಲವೇ, ದೋಸೆಯನ್ನೂ ಅದೇ ಪ್ರಮಾಣದಲ್ಲಿ ಇಟ್ಟುಕೊಂಡರೆ ಆಯಿತು.

ಅಂದಹಾಗೆ ಈ ಪ್ಯಾಕೆಟ್ಟಿನ ಡಿ, ಅಂದರೆ ಡಿ3, ತಯಾರಾಗುವುದು ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿನಿಂದ. ಚಳ್ಳಕೆರೆ ಕಡೆಯ ಕಂಬಳಿಗೂ ಸೋಮವಾರ ಉಪವಾಸ ಇರುವವರ ಕ್ಯಾಪ್ಸೂಲಿಗೂ ಮೂಲ ಒಂದೇ ಪ್ರಾಣಿ. ಕುರಿಗೆ ಇದರಿಂದ ಜೀವಕ್ಕೇನೂ ಆಗುವುದಿಲ್ಲ, ಕ್ಷೌರ ಅಷ್ಟೇ. ಆದರೆ ಒಳಗಿನದಕ್ಕಿಂತ ಹೊರಗಿನ ಕವಚ ನೋಡಿಕೊಳ್ಳುವುದು ಒಳ್ಳೆಯದು. ಮೆತ್ತಗಿನ ಕ್ಯಾಪ್ಸೂಲಿನ ಜೆಲಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಸಸ್ಯಾಹಾರಿ ಮನೆಯಲ್ಲಿ ಒಮೆಗಾ 3 ಡಬ್ಬಿ ಖಾಲಿಯಾದ ಮೇಲೆ ಲೇಬಲ್ ಓದಿ ‘ಮೀನೆಣ್ಣೆ’ ಅನ್ನುವುದನ್ನು ಕಂಡುಹಿಡಿಯುವುದಕ್ಕಿಂತ, ಅಂಗಡಿಯಲ್ಲೇ ಹಸಿರು ಚುಕ್ಕಿ ಹುಡುಕುವುದು ಮೇಲು.

ಕೂದಲಿಗೆ ಅಂತ ತಿನ್ನುವ ಬಯೋಟಿನ್ ಅನ್ನುವ ವಿಟಮಿನ್ ಇನ್ನೊಂದು ತಮಾಷೆ ಮಾಡುತ್ತದೆ. ದಿನಕ್ಕೆ ಬೇಕಾದದ್ದು ಮೈಕ್ರೋಗ್ರಾಮ್‌ಗಳಲ್ಲಿ ಹತ್ತಾರು, ಮಾತ್ರೆಯಲ್ಲಿ ಇರುವುದು 10,000. ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ ಸರಿ, ಹೋಗುವ ಮೊದಲು ಲ್ಯಾಬಿನ ಯಂತ್ರಕ್ಕೆ ಮಂಕುಬೂದಿ ಎರಚುತ್ತದೆ. ಎಷ್ಟೋ ಥೈರಾಯ್ಡ್ ಪರೀಕ್ಷೆಗಳು ಬಯೋಟಿನ್ನಿನ ಅಂಟನ್ನೇ ಬಳಸಿ ನಡೆಯುವಂಥವು. ರಕ್ತದಲ್ಲಿ ಅದೇ ತುಂಬಿದ್ದರೆ ಥೈರಾಯ್ಡ್ ಜೋರಾಗಿದೆ ಅಂತ ಸುಳ್ಳು ರಿಪೋರ್ಟು ಬರುತ್ತದೆ. ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯೂ ಮೋಸಹೋಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನಲ್ಲೂ ಹೇಳಿ. ‘ಅದು ಕೂದ್ಲಿಂದು, ರಕ್ತಕ್ಕೂ ಅದಕ್ಕೂ ಏನ್ರಿ ಸಂಬಂಧ’ ಅನ್ನಬೇಡಿ.

ನಿದ್ದೆಗೆ ಮೆಗ್ನೀಸಿಯಂ ತೆಗೆದುಕೊಂಡವರದು ಚಿಕ್ಕ ಕಥೆ. ರೀಲಿನ ಅಕ್ಕ ಹೇಳಿದ್ದು ಗ್ಲೈಸಿನೇಟ್, ಅಗ್ಗಕ್ಕೆ ಸಿಕ್ಕಿದ್ದು ಆಕ್ಸೈಡ್. ಆಕ್ಸೈಡ್ ಕರುಳಿಗೆ ನೀರೆಳೆಯುತ್ತದೆ. ಮಲಬದ್ಧತೆಗೆ ಕೊಡುವ ಬಿಳಿ ಔಷಧಿಯಲ್ಲಿರುವುದೂ ಮೆಗ್ನೀಸಿಯಂನ ಇನ್ನೊಂದು ರೂಪವೇ. ಆ ರಾತ್ರಿ ನಿದ್ದೆ ಬರಲಿಲ್ಲ ಅನ್ನುವುದಕ್ಕಿಂತ ನಿದ್ದೆಗೆ ಬಿಡುವು ಸಿಗಲಿಲ್ಲ ಅನ್ನುವುದು ಸರಿ.

ಹಾಸ್ಯ ಬಿಟ್ಟು ಒಂದು ಮಾತು, ಸೋರೆಕಾಯಿ ರಸ. ಕುಡಿಯುವ ಮೊದಲು ಹಸಿ ಹೋಳಿನ ತುದಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ತಿಪ್ಪೆಗೆ. ‘ಕಹಿಯಾದಷ್ಟೂ ಔಷಧಿ’ ಅನ್ನುವ ನಮ್ಮ ನಂಬಿಕೆ ಹಾಗಲಕಾಯಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ಕುಡಿದ ಸ್ವಲ್ಪ ಹೊತ್ತಿಗೇ ರಕ್ತವಾಂತಿ ತರಿಸಿ ಬಿಪಿ ಕೆಡವಬಲ್ಲ ವಿಷ, ಅದರಿಂದ ಜೀವ ಹೋದದ್ದೂ ಉಂಟು.

ಇನ್ನು ಪ್ರೋಟೀನು. ಡಬ್ಬಿ ಬಂದ ದಿನ ಮನೆಯಲ್ಲಿ ಮೊದಲ ಸಮಸ್ಯೆ ಅಳತೆಯ ಸ್ಕೂಪ್ ಎಲ್ಲಿ ಅನ್ನುವುದು. ಅದು ಪುಡಿಯ ತಳದಲ್ಲಿ ಹೂತಿರುತ್ತದೆ. ಕೈ ಹಾಕಿ ಹುಡುಕಿದರೆ ಮೊಣಕೈವರೆಗೆ ಚಾಕಲೇಟ್ ವಿಭೂತಿ. ಒಣಗಿದ ಚಮಚದ ಹಿಡಿಕೆಯನ್ನು ಡಬ್ಬಿಯ ಅಂಚಿನಗುಂಟ ಇಳಿಸಿ ಎತ್ತಿ, ಇಲ್ಲವೇ ಮುಚ್ಚಳ ಭದ್ರ ಮಾಡಿ ಡಬ್ಬಿಯನ್ನು ಮಗ್ಗುಲಾಗಿ ಉರುಳಿಸಿ, ಮೇಲೆ ಬರುತ್ತದೆ. ಎರಡನೆಯದು ಕಲಕುವುದು. ಮೊದಲು ನೀರು, ಮೇಲೆ ಪುಡಿ. ತಿರುಗುಮುರುಗಾದರೆ ತಳದ ಮೂಲೆಯಲ್ಲಿ ಒಣ ಗಂಟು. ಬಿಸಿ ರಾಗಿ ಗಂಜಿಗೆ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಸುರಿದರೆ ಒಡೆದ ಹಾಲಿನ ಹಾಗೆ ಎಳೆಎಳೆಯಾಗುತ್ತದೆ, ಕೆಟ್ಟಿಲ್ಲ, ಬೆಂದಿದೆ. ಬೆರಳು ತಡೆಯುವಷ್ಟು ಆರಿದ ಮೇಲೆ ಹಾಕಿ. ಮೂರನೆಯದು ಶೇಕರನ್ನು ಅರ್ಧ ಕುಡಿದು, ಮುಚ್ಚಿ, ಏಪ್ರಿಲ್ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಮರೆಯುವುದು. ಮಧ್ಯ ಕರ್ನಾಟಕದ ಬಿಸಿಲಿಗೆ ಅದು ಸಂಜೆಯೊಳಗೆ ಹುಳಿತು ಗಾಳಿ ತುಂಬಿಕೊಂಡಿರುತ್ತದೆ. ಮುಚ್ಚಳ ತೆರೆಯುವಾಗ ಮುಖ ದೂರ ಇರಲಿ. ವಾಸನೆ ಹೋಗಲು ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ರಾತ್ರಿಯಿಡೀ ಮುಳುಗಿಸಿಡಿ, ಮುಚ್ಚಳದ ರಬ್ಬರ್ ಉಂಗುರವನ್ನು ಬಿಚ್ಚಿ ಬೇರೆ ತೊಳೆಯಿರಿ. ವಾಸನೆಯ ಮೂಲ ಯಾವಾಗಲೂ ಆ ಉಂಗುರ.

ಪುಡಿ ಬೇಕೇ ಅನ್ನುವುದು ನಾಲ್ಕನೇ ಪ್ರಶ್ನೆ, ಅದನ್ನು ಮೊದಲು ಕೇಳಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ ಲೆಕ್ಕದಲ್ಲಿ ಆರೋಗ್ಯವಂತ ದೊಡ್ಡವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಂ. ನಮ್ಮ ತಟ್ಟೆಯಲ್ಲೇ ಕೂಡಿಸಿ: 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 10, 50 ಗ್ರಾಂ ಹೆಸರುಕಾಳಿನ ಪಲ್ಯದಲ್ಲಿ 11, ಹಾಲು ಮೊಸರು ಸೇರಿ 400 ಮಿಲಿಗೆ 13, ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ 7, 100 ಗ್ರಾಂ ಅಕ್ಕಿಯ ಅನ್ನದಲ್ಲಿ 7. ಒಟ್ಟು 48. ಉಳಿದ ಎರಡು ಗ್ರಾಂ ತರಕಾರಿ ಕೊಡುತ್ತದೆ. ಪುಡಿ ಯಾರಿಗೂ ಬೇಡ ಅಂತಲ್ಲ. ಊಟ ಸೇರದ ವಯಸ್ಸಾದವರಿಗೆ, ಆಪರೇಷನ್ ಆದವರಿಗೆ ಡಾಕ್ಟರು ಬರೆಯುತ್ತಾರೆ. ಆದರೆ ಎಲ್ಲರೂ ಡಬ್ಬಿ ಕೊಳ್ಳುವುದನ್ನು ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಬೇಡವೆಂದೇ ಹೇಳಿದೆ. ಕೊಳ್ಳಲೇಬೇಕಾದರೆ ಮುಂದಿನ ಚಿತ್ರದಲ್ಲಿರುವ ತೋಳು ನೋಡಬೇಡಿ, ಹಿಂದಿನ ಪಟ್ಟಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಸಕ್ಕರೆ ಅಥವಾ ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಮೊದಲ ಹೆಸರಾಗಿದ್ದರೆ ನೀವು ಹಿಡಿದಿರುವುದು ದುಬಾರಿ ಪಾನಕ. ದೇಶದ ಆಹಾರ ಸುರಕ್ಷತಾ ಸಂಸ್ಥೆ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇಲ್ಲದಿದ್ದರೆ ಪಾನಕವೂ ಅಲ್ಲ.

ಇಲ್ಲಿಗೆ ಬಂದಾಗ ಅಗಸೆಯ ಮಾತು ಎತ್ತದೆ ಇರಲಾಗದು. ರೀಲಿನ ಅಕ್ಕ ಫ್ಲ್ಯಾಕ್ಸ್ ಸೀಡ್ಸನ್ನು ಇಡಿಯಾಗಿ ಸಲಾಡಿನ ಮೇಲೆ ಉದುರಿಸುತ್ತಾಳೆ. ಇಡಿ ಅಗಸೆಯ ಸಿಪ್ಪೆ ನುಣುಪು, ಗಟ್ಟಿ. ಅಗಿಯದೆ ನುಂಗಿದರೆ ಹೋದ ಹಾಗೇ ಹೊರಗೆ ಬರುತ್ತದೆ, ಒಳಗಿನ ಒಮೆಗಾ 3 ಒಳಗೇ ಉಳಿಯುತ್ತದೆ. ಕುಟ್ಟಿ ಪುಡಿ ಮಾಡಿದರೇನೆ ಅದು ಮೈಗೆ. ಒಂದು ದೊಡ್ಡ ಚಮಚ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಒಮೆಗಾ 3, ಎರಡು ಗ್ರಾಂ ನಾರು. ಈ ಸಂಶೋಧನೆಯನ್ನು ದಾವಣಗೆರೆ, ಚಿತ್ರದುರ್ಗದ ಅಡುಗೆಮನೆಗಳು ಅಗಸೆ ಚಟ್ನಿಪುಡಿ ಅನ್ನುವ ಹೆಸರಲ್ಲಿ ಎಂದೋ ಮುಗಿಸಿವೆ. 1997ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ ಬೇರೆಯಾಯಿತು. ಆ ಕಡೆ ಮುದ್ದೆ ಹೆಚ್ಚು, ಈ ಕಡೆ ರೊಟ್ಟಿ ಹೆಚ್ಚು ಅಂತ ಜಗಳವಾಡಬಹುದು, ಚಟ್ನಿಪುಡಿ ಡಬ್ಬಿ ಮಾತ್ರ ಎರಡೂ ಕಡೆ ಇದೆ.

ಮಾಡುವಾಗ ಕೆಡುವುದು ಎರಡೇ ಕಡೆ. ಒಂದು ಬಟ್ಟಲು ಅಗಸೆಯನ್ನು ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲ ಎರಡು ಮೂರು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಂದೆರಡು ಕಾಳು ಚಟ್ ಅನ್ನುತ್ತವೆ. ಚಟಪಟ ಜೋರಾಗಿ, ಕಾಳು ಬಾಣಲೆಯಿಂದ ಹಾರಿ ಗ್ಯಾಸ್ ಕಟ್ಟೆಗೆ ಬೀಳತೊಡಗಿದಾಗ ಉರಿ ಆರಿಸಿ ತಕ್ಷಣ ತಟ್ಟೆಗೆ ಸುರುವಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದು ಕಹಿಯಾಗುತ್ತದೆ, ಇದು ಮೊದಲನೇ ಕಡೆ. ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಎಂಟು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು ಬೇರೆ ಬೇರೆಯಾಗಿ ಬೆಚ್ಚಗೆ ಮಾಡಿ, ಎಲ್ಲ ಪೂರ್ತಿ ಆರಲಿ. ಮೊದಲು ಮೆಣಸಿನಕಾಯಿ, ಹುಣಸೆ, ಉಪ್ಪು, ಚೂರು ಬೆಲ್ಲ ಪುಡಿಯಾಗಲಿ, ಕೊನೆಗೆ ಅಗಸೆ, ಬೆಳ್ಳುಳ್ಳಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದಿರೋ, ಅಗಸೆ ಎಣ್ಣೆ ಬಿಟ್ಟು ಬ್ಲೇಡಿನ ಕೆಳಗೆ ಟಾರಿನ ಹಾಗೆ ಮೆತ್ತಿಕೊಳ್ಳುತ್ತದೆ. ಅದು ಎರಡನೇ ಕಡೆ. ತರಿತರಿ ಇದ್ದಾಗಲೇ ನಿಲ್ಲಿಸಿ. ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟು ಸಾಕು. ಪೇಂಟಿನ ವಾಸನೆ ಬಂದರೆ ಕೆಟ್ಟಿದೆ ಅಂತ ಅರ್ಥ. ಎಣ್ಣೆ ಬಣ್ಣಕ್ಕೆ ಬೆರೆಸುವ, ಕ್ರಿಕೆಟ್ ಬ್ಯಾಟಿಗೆ ಬಳಿಯುವ ಲಿನ್ಸೀಡ್ ಎಣ್ಣೆ ಅಂದರೆ ಇದೇ ಅಗಸೆ ಎಣ್ಣೆ, ಮೂಗು ಸುಳ್ಳು ಹೇಳುವುದಿಲ್ಲ.

ಮಂಡಕ್ಕಿ ಬಗ್ಗೆ ಒಂದೇ ಮಾತು. ‘ಪಫ್ಡ್ ರೈಸ್ ಲೋ ಕ್ಯಾಲರಿ’ ಅನ್ನುವುದು ಕಣ್ಣಿಗೆ ಕಾಣುವ ಲೆಕ್ಕ. ತೂಕದಲ್ಲಿ ಅದು ಅಕ್ಕಿಯೇ. ಒಂದು ತಟ್ಟೆ ಅಂದರೆ ಸುಮಾರು 30 ಗ್ರಾಂ, 100 ಕ್ಯಾಲರಿಯ ಆಸುಪಾಸು, ಪಾಪ, ಅದರದ್ದೇನೂ ತಪ್ಪಿಲ್ಲ. ತಪ್ಪು ಪಕ್ಕದಲ್ಲಿ ಕೂತಿರುತ್ತದೆ, ಎಣ್ಣೆ ಸುರಿಸುತ್ತ, ಹೊಟ್ಟೆ ಸೀಳಿಸಿಕೊಂಡು, ಮಿರ್ಚಿ ಅನ್ನುವ ಹೆಸರಲ್ಲಿ.

ಬೆಣ್ಣೆ ದೋಸೆಗೂ ಲೆಕ್ಕ ಇದೆ, ಬೇಸರ ಮಾಡಿಕೊಳ್ಳಬಾರದು. ಒಂದು ದೊಡ್ಡ ಚಮಚ ಬೆಣ್ಣೆ 14 ಗ್ರಾಂ, 100 ಕ್ಯಾಲರಿ. 70 ಕೆಜಿಯವರು ಕೆರೆ ದಂಡೆಯ ಮೇಲೆ ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ 180. ಅಂದರೆ ಇಡೀ ನಡಿಗೆ ಎರಡು ಚಮಚ ಬೆಣ್ಣೆಗೂ ಸಾಲದು. ದೋಸೆ, ಆಲೂಗಡ್ಡೆ ಪಲ್ಯ, ಎರಡನೇ ಸಲದ ಕಾಯಿ ಚಟ್ನಿ ಎಲ್ಲ ಸಾಲದ ಲೆಕ್ಕದಲ್ಲಿ. ವಾಕಿಂಗ್ ಮುಗಿಸಿ ಗುಂಪಾಗಿ ದೋಸೆ ಹೋಟೆಲಿಗೆ ನುಗ್ಗುವವರ ಹೊಟ್ಟೆ ವರ್ಷಗಟ್ಟಲೆ ಯಾಕೆ ಇದ್ದಲ್ಲೇ ಇದೆ ಅನ್ನುವುದಕ್ಕೆ ಬೇರೆ ಸಂಶೋಧನೆ ಬೇಡ. ಒಂದು ದಾರಿಯಿದೆ: ಮೂರು ಬೆಣ್ಣೆ ದೋಸೆಯ ಬದಲು ಒಂದು ಬೆಣ್ಣೆ, ಒಂದು ಖಾಲಿ ದೋಸೆ. ಹೇಳಿದ್ದೇವೆ. ಯಾರು ಕೇಳುತ್ತಾರೆ?

ವ್ಯಾಯಾಮದ ವಿಷಯಕ್ಕೆ ಬಂದರೆ ಮೊದಲು ಕೈಗಡಿಯಾರ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಸಂಖ್ಯೆ ಹರಡಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ‘ಮಾನ್ಪೊಕೇ’ ಅಂದರೆ ಹತ್ತು ಸಾವಿರ ಹೆಜ್ಜೆ ಮೀಟರ್. ಗಡಿಯಾರ ಎಣಿಸುವುದು ಕಾಲನ್ನಲ್ಲ, ಮಣಿಕಟ್ಟಿನ ಲಯದ ಅಲುಗಾಟವನ್ನು. ಹಾಗಾಗಿ ಇಪ್ಪತ್ತು ರೊಟ್ಟಿ ಬಡಿದವರ ಖಾತೆಗೆ ನಿಂತಲ್ಲೇ ಹೆಜ್ಜೆಗಳು ಜಮೆಯಾಗುತ್ತವೆ. ಅತ್ತ ಸಂತೆಯಿಂದ ಎರಡೂ ಕೈಯಲ್ಲಿ ಭಾರದ ಚೀಲ ಹಿಡಿದು, ಕೈ ಅಲುಗಿಸದೆ, ಏದುಸಿರು ಬಿಡುತ್ತ ಬಂದವರಿಗೆ ‘ಎದ್ದು ಓಡಾಡಿ’ ಅಂತ ಅದೇ ಗಡಿಯಾರ ಬುದ್ಧಿ ಹೇಳುತ್ತದೆ. ಹೆಜ್ಜೆ ಬಿಡಿ, ನಿಮಿಷ ಎಣಿಸಿ. ವಾರಕ್ಕೆ 150 ನಿಮಿಷ ಮಾತಾಡಲು ಆಗುವ ಆದರೆ ಹಾಡಲು ಆಗದ ವೇಗದ ನಡಿಗೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ಇಷ್ಟೇ. ಕುಂದವಾಡದ ಗುಂಪುಗಳು ರಾಜಕೀಯ ಮಾತಾಡುವ ವೇಗ ಅಳತೆಗೆ ಬರುವುದಿಲ್ಲ, ಯಾಕೆಂದರೆ ಮಾತು ಬಿಗಿಯಾದಲ್ಲೆಲ್ಲ ಅವರು ನಿಂತುಬಿಡುತ್ತಾರೆ.

ಸ್ನಾಯುಗಳಿಗೆ ಅಂತ ರೀಲಿನ ಅಕ್ಕ ಬಾಗಿಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯುತ್ತಾಳೆ. ಬ್ಯಾಂಡಿನ ಗಂಟನ್ನು ಬಾಗಿಲಿನ ಆಚೆ ಇಟ್ಟು, ಸಂದಿಯಲ್ಲಿ ಪಟ್ಟಿ ತೂರಿಸಿ, ಬಾಗಿಲು ಮುಚ್ಚಿ ಈಚೆಯಿಂದ ಎಳೆಯುವುದು ಕ್ರಮ. ಮುಖ್ಯವಾದದ್ದು ದಿಕ್ಕು. ನೀವು ಎಳೆದಷ್ಟೂ ಬಾಗಿಲು ಚೌಕಟ್ಟಿಗೆ ಒತ್ತಿಕೊಳ್ಳಬೇಕು. ನಿಮ್ಮ ಕಡೆಗೆ ತೆರೆಯುವ ಬಾಗಿಲಾದರೆ ಎಳೆತಕ್ಕೆ ಅದೇ ತೆರೆದುಕೊಂಡು ಹಣೆಗೆ ಬರುತ್ತದೆ. ಬಾಗಿಲು ಆಚೆಗೆ ತೆರೆಯುವುದೇ ಆದರೂ ಚಿಲಕ ಹಾಕಿ, ಮನೆಯವರಿಗೆಲ್ಲ ಹೇಳಿ. ಇಲ್ಲದಿದ್ದರೆ ಹಾಲಿನವನು ‘ಅಕ್ಕಾ’ ಅಂತ ಬಾಗಿಲು ಎಳೆದ ಕ್ಷಣಕ್ಕೆ ಗಂಟು ಸಂದಿಯಿಂದ ಕಿತ್ತು, ಬ್ಯಾಂಡು ಚಾಟಿಯಾಗಿ, ಕನ್ನಡಕ ಶೋಕೇಸಿನೊಳಗೆ. ಬಿಸಿಲಿಗೆ ಬಿದ್ದ ರಬ್ಬರಿನಲ್ಲಿ ಕೂದಲಿನಂಥ ಬಿರುಕು ಬರುತ್ತದೆ. ತಿಂಗಳಿಗೊಮ್ಮೆ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ, ಬಿರುಕಿದ್ದರೆ ಸೊಪ್ಪಿನ ಕಟ್ಟಿಗೆ ಕಟ್ಟಲು ಇಟ್ಟುಕೊಳ್ಳಿ.

ಇದಕ್ಕಿಂತ ಕುರ್ಚಿ ವಾಸಿ. ಕೂತು ಏಳುವುದು, ಕೈ ಊರದೆ, ಇಳಿಯುವಾಗ ಮೂರು ಎಣಿಸಿ, ಹತ್ತು ಸಲ, ಎರಡು ಸುತ್ತು. ಕುರ್ಚಿ ಗೋಡೆಗೆ ಒತ್ತಿಕೊಂಡಿರಬೇಕು. ಪಾಲಿಶ್ ಗ್ರಾನೈಟ್ ನೆಲದ ಮೇಲಿನ ಪ್ಲಾಸ್ಟಿಕ್ ಕುರ್ಚಿ ನೀವು ಕೂರಲು ಬಗ್ಗಿದ ಹೊತ್ತಿಗೆ ಹಿಂದೆ ಸರಿದು ನಿಂತು ತಮಾಷೆ ನೋಡುತ್ತದೆ. ಹೊಸ ಯೋಗ ಮ್ಯಾಟೂ ಹಾಗೇ, ಮೇಲಿನ ನುಣುಪು ಪದರ ಹೋಗಲು ಒಮ್ಮೆ ಒರೆಸಿ ನೆರಳಲ್ಲಿ ಒಣಗಿಸಬೇಕು, ಇಲ್ಲದಿದ್ದರೆ ಅಧೋಮುಖ ಶ್ವಾನಾಸನದಲ್ಲಿ ಶ್ವಾನ ಮುಂದಕ್ಕೆ ಜಾರಿ ಟಿವಿ ಸ್ಟ್ಯಾಂಡ್ ಸೇರುತ್ತದೆ.

ಇಷ್ಟೆಲ್ಲ ಆಗಿ, ಒಂದು ವರ್ಷದ ಮೇಲೆ ಅದೇ ಅಡುಗೆಮನೆಗೆ ಹೋಗಿ ನೋಡಿ. ಪ್ರೋಟೀನಿನ ಎರಡು ಕೆಜಿ ಡಬ್ಬಿಯಲ್ಲಿ ತೊಗರಿಬೇಳೆ ಇರುತ್ತದೆ. ಅಗಲ ಬಾಯಿ, ಇರುವೆ ನುಗ್ಗದ ಮುಚ್ಚಳ, ಅದಕ್ಕಿಂತ ಒಳ್ಳೆಯ ಡಬ್ಬಿ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ. ಶೇಕರಿನಲ್ಲಿ ಮಜ್ಜಿಗೆ ಕಡೆಯುತ್ತಾರೆ, ಒಳಗಿನ ತಂತಿ ಚೆಂಡು ಮೊಸರನ್ನು ಚೆನ್ನಾಗಿ ಒಡೆಯುತ್ತದೆ. ಆ ಸ್ಕೂಪ್ ರವೆ ಡಬ್ಬಿ ಸೇರಿದೆ. ಮೂರು ಜನಕ್ಕೆ ಉಪ್ಪಿಟ್ಟು ಅಂದರೆ ನಾಲ್ಕು ಸ್ಕೂಪ್ ಹುರಿದ ರವೆ, ಹತ್ತು ಸ್ಕೂಪ್ ನೀರು. ಉದುರುದುರಾಗಿ ಬೇಕಾದವರಿಗೆ ಒಂಬತ್ತು.